ಮಹಡಿಯ ಸೂರುದೋಣಿಯೂ ಕೆಳಗಿನ ಸೇರ್ಪಡೆಯೂ: ಅಮ್ಮಸಂದ್ರ ಸೀಮೆಯ ಮನೆಗಳನ್ನು ಕುರಿತ ಒಂದು ವಿವೇಚನೆ

ಮನೆಯನ್ನು ಕಟ್ಟುವವರು ಅಡಿಪಾಯ, ಗೋಡೆ, ಛಾವಣಿಗಳನ್ನು ಕುರಿತು ಬಹುವಾಗಿ ಯೋಚಿಸುತ್ತಾರೆ. ಸೂರಿನ ಅಂಚಿಗೆ ಕಟ್ಟುವ ನೀರಿನ ದೋಣಿಯನ್ನು ಕುರಿತು ಯೋಚಿಸುವವರು ವಿರಳ. ದೋಣಿ ತನ್ನ ಕೆಲಸವನ್ನು ಸರಿಯಾಗಿ ಮಾಡುತ್ತಿರುವವರೆಗೆ ಯಾರ ಕಣ್ಣಿಗೂ ಬೀಳುವುದಿಲ್ಲ. ಅದು ಕಟ್ಟಿಕೊಂಡು ನೀರು ಗೋಡೆಗೆ ಇಳಿದ ಮೇಲೆಯೇ ಮನೆಯವರು ಮೇಲಕ್ಕೆ ನೋಡುವುದು. ಆ ವೇಳೆಗೆ ಅನೇಕ ಮನೆಗಳಲ್ಲಿ ಮೇಲಕ್ಕೆ ಹೋಗುವ ದಾರಿಯೇ ಉಳಿದಿರುವುದಿಲ್ಲ. ಏಕೆಂದರೆ ಏಣಿಯನ್ನು ನಿಲ್ಲಿಸಬೇಕಾಗಿದ್ದ ನೆಲದ ಮೇಲೆ ಈಚೆಗೆ ಒಂದು ಕೋಣೆ ಎದ್ದುನಿಂತಿರುತ್ತದೆ.

ಹಳೆಯ ಮನೆಗೆ ಹೀಗೆ ಒತ್ತಿ ಕಟ್ಟಿದ ಅಡುಗೆಮನೆ, ಬಚ್ಚಲು, ಕಾಯಿಕೋಣೆ, ವಾಹನದ ಮಾಡು ಮೊದಲಾದವನ್ನು ಈ ಲೇಖನದಲ್ಲಿ ‘ಸೇರ್ಪಡೆ’ ಎಂದು ಕರೆಯುತ್ತೇವೆ. ಸೇರ್ಪಡೆಯಿಂದಾಗಿ ಮಹಡಿಯ ದೋಣಿ ಕೈಗೆ ಎಟುಕದಂತಾದಾಗ ಅದನ್ನು ಕಾಪಾಡುವುದು ಹೇಗೆ ಎಂಬುದೇ ನಮ್ಮ ವಿಚಾರ. ಪ್ರಶ್ನೆ ಸಣ್ಣದೆಂದು ತೋರಬಹುದು. ಆದರೆ ಇದರಲ್ಲಿ ಒಂದು ವರ್ಷದ ಫಸಲಿನ ಅಳಿವು ಉಳಿವೂ, ಕೆಲವೊಮ್ಮೆ ಒಬ್ಬ ಮನುಷ್ಯನ ಪ್ರಾಣವೂ ಅಡಗಿರುವುದರಿಂದ ಕ್ರಮವಾಗಿ ವಿಚಾರಿಸುವುದು ಅವಶ್ಯಕವೆಂದು ನಾವು ಭಾವಿಸುತ್ತೇವೆ.

ಸ್ಥಳ ಮತ್ತು ಮನೆ

ತುಮಕೂರು ಜಿಲ್ಲೆಯ ತುರುವೇಕೆರೆ ತಾಲ್ಲೂಕಿಗೆ ಸೇರಿದ ಅಮ್ಮಸಂದ್ರವು ಬೆಂಗಳೂರಿನಿಂದ ಅರಸೀಕೆರೆಗೆ ಹೋಗುವ ರೈಲುದಾರಿಯಲ್ಲಿ, ತುಮಕೂರಿಗೂ ತಿಪಟೂರಿಗೂ ನಡುವೆ ಇದೆ. ೧೯೫೮ರಲ್ಲಿ ಸ್ಥಾಪಿತವಾದ ಮೈಸೂರು ಸಿಮೆಂಟ್ಸ್ ಸಂಸ್ಥೆಯ ಕಾರ್ಖಾನೆಯ ಮೂಲಕ ಊರಿನ ಹೆಸರು ನಾಡಿನಲ್ಲಿ ಪರಿಚಿತವಾಯಿತು. ಆದರೆ ಸುತ್ತಲಿನ ಸೀಮೆಯ ಬದುಕು ಸಿಮೆಂಟಿಗಿಂತ ಹೆಚ್ಚಾಗಿ ತೆಂಗನ್ನು ನಂಬಿಕೊಂಡಿದೆ. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ತಾಲ್ಲೂಕುಗಳ ತೋಟಗಳೂ ತಿಪಟೂರಿನ ಕೊಬ್ಬರಿ ಮಾರುಕಟ್ಟೆಯೂ ಓದುಗರಿಗೆ ತಿಳಿದವೇ.

ಈ ಸೀಮೆಯ ಹಳೆಯ ಮನೆಗಳಲ್ಲಿ ಮೇಲಂತಸ್ತು ಜನರ ವಾಸಕ್ಕಿಂತ ಕಾಯಿಯ ವಾಸಕ್ಕೆ ಮೀಸಲು. ಉಂಡೆ ಕೊಬ್ಬರಿಯನ್ನು ಮಾಡುವ ಕ್ರಮ ಬಲ್ಲವರಿಗೆ ಇದರ ಕಾರಣ ಗೊತ್ತು. ಚೆನ್ನಾಗಿ ಬಲಿತ ಕಾಯಿಯನ್ನು ಸಿಪ್ಪೆ ಸಹಿತವಾಗಿ ಅಟ್ಟದ ಮೇಲೆ ಎಂಟರಿಂದ ಹನ್ನೆರಡು ತಿಂಗಳು ಇಡುತ್ತಾರೆ. ಒಳಗಿನ ನೀರು ನಿಧಾನವಾಗಿ ಇಂಗಿ, ತಿರುಳು ಒಣಗಿ, ಚಿಪ್ಪಿನಿಂದ ತಾನಾಗಿ ಬಿಡಿಸಿಕೊಳ್ಳುತ್ತದೆ; ಕಾಯಿಯನ್ನು ಅಲುಗಿಸಿದರೆ ಒಳಗೆ ಕೊಬ್ಬರಿ ಉರುಳುವ ಸದ್ದು ಕೇಳಿಸುತ್ತದೆ. ಆಗ ಸುಲಿದು, ಚಿಪ್ಪನ್ನು ಒಡೆದು, ಇಡಿಯ ಉಂಡೆಯನ್ನು ತೆಗೆಯುತ್ತಾರೆ. ಇಷ್ಟು ದೀರ್ಘಕಾಲ ಕಾಯಿಗೆ ಬೇಕಾದುದು ಎರಡೇ: ಗಾಳಿ ಮತ್ತು ಒಣಹವೆ. ಸೂರಿನಿಂದ ಇಳಿದ ನೀರು ಅಟ್ಟವನ್ನು ಸೇರಿದರೆ ತೇವ ಹಿಡಿದ ಕಾಯಿಗೆ ಬೂಷ್ಟು ಬರುತ್ತದೆ. ಸರಿಯಾಗಿ ಒಣಗದ ಕೊಬ್ಬರಿಯ ಮೇಲೆ ಬೆಳೆಯುವ ಶಿಲೀಂಧ್ರಗಳಲ್ಲಿ ಆಸ್ಪರ್ಜಿಲ್ಲಸ್ ಫ್ಲೇವಸ್ ಎಂಬುದೂ ಒಂದು. ಅದು ಅಫ್ಲಟಾಕ್ಸಿನ್ ಎಂಬ ವಿಷವನ್ನು ಉತ್ಪತ್ತಿಮಾಡಬಲ್ಲದು. ಆದಕಾರಣ ಈ ಸೀಮೆಯಲ್ಲಿ ಕಟ್ಟಿಕೊಂಡ ದೋಣಿಯು ಗೋಡೆಗೆ ಕಲೆ ಮಾಡುವ ತೊಂದರೆಯಷ್ಟೇ ಅಲ್ಲ. ಅದು ಅಟ್ಟದ ಮೇಲೆ ಕೂಡಿಟ್ಟ ವರ್ಷದ ಆದಾಯಕ್ಕೇ ಸಂಬಂಧಿಸಿದ್ದು.

ಹಿಂದಿನವರ ನೀರಿನ ದಾರಿ

ಹಳೆಯ ತೊಟ್ಟಿಮನೆಯನ್ನು ಗಮನಿಸಿದರೆ ಒಂದು ಸಂಗತಿ ಸ್ಪಷ್ಟವಾಗುತ್ತದೆ. ಹೊರಗಿನ ಸೂರುಗಳಿಗೆ ಸಾಮಾನ್ಯವಾಗಿ ದೋಣಿಯೇ ಇರುತ್ತಿರಲಿಲ್ಲ. ಗೋಡೆಯಿಂದ ಆಚೆಗೆ ಚೆನ್ನಾಗಿ ಚಾಚಿದ ಸೂರಿನಿಂದ ನೀರು ನೇರವಾಗಿ ನೆಲಕ್ಕೆ ಬೀಳುತ್ತಿತ್ತು. ಬೀಳುವ ಕಡೆ ಕಲ್ಲು ಹಾಸಿ ನೀರನ್ನು ಬೀದಿಗೋ ಹಿತ್ತಿಲಿಗೋ ಹಾಯಿಸುತ್ತಿದ್ದರು. ಒಳಗಿನ ನಾಲ್ಕು ಇಳಿಜಾರುಗಳ ನೀರು ತೊಟ್ಟಿಗೆ ಬಿದ್ದು ಮೋರಿಯ ಮೂಲಕ ಹೊರಗೆ ಹೋಗುತ್ತಿತ್ತು. ಎರಡು ಇಳಿಜಾರುಗಳು ಕೂಡುವ ಮೂಲೆಗಳಲ್ಲಿ ಮಾತ್ರ ದೋಣಿ ಅನಿವಾರ್ಯವಾಗಿತ್ತು. ಅದು ತೊಟ್ಟಿಯ ಅಂಗಳದಿಂದ ಏಣಿಗೆ ಎಟುಕುತ್ತಿತ್ತು. ಪ್ರತಿವರ್ಷ ಮಳೆಗಾಲಕ್ಕೆ ಮುಂಚೆ ನಾಡಹೆಂಚನ್ನು ಕೈಯಾಡಿಸುವ ರೂಢಿ ಇದ್ದುದರಿಂದ, ಆ ನೆಪದಲ್ಲಿ ಸೂರು, ಮೂಲೆ, ದೋಣಿ ಎಲ್ಲವೂ ಒಮ್ಮೆ ಮನುಷ್ಯನ ಕೈಗೆ ಸಿಕ್ಕುತ್ತಿದ್ದುವು.

೧೮೬೫ರಲ್ಲಿ ಬಾಸೆಲ್ ಮಿಷನ್ನಿನವರು ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆಯನ್ನು ತೆರೆದ ತರುವಾಯ ಯಂತ್ರದಲ್ಲಿ ಒತ್ತಿದ ಹೆಂಚು ಕ್ರಮೇಣ ನಾಡಿನ ಒಳಭಾಗಗಳಿಗೂ ಹಬ್ಬಿತು. ಒಂದಕ್ಕೊಂದು ಕಚ್ಚಿಕೊಳ್ಳುವ ಈ ಹೆಂಚನ್ನು ವರ್ಷವರ್ಷವೂ ಕೈಯಾಡಿಸಬೇಕಾಗಿಲ್ಲ. ಇದೊಂದು ದೊಡ್ಡ ಅನುಕೂಲ. ಆದರೆ ಇದರೊಡನೆ, ವರ್ಷಕ್ಕೊಮ್ಮೆ ಯಾರಾದರೂ ಸೂರಿನವರೆಗೆ ಹೋಗಿ ನೋಡಿಬರುತ್ತಿದ್ದ ಅಭ್ಯಾಸವೂ ತಪ್ಪಿತು. ಮುಂದೆ ತಗಡಿನ ದೋಣಿಯೂ ಪಿ.ವಿ.ಸಿ. ದೋಣಿಯೂ ಬಂದುವು, ಅವುಗಳ ಕೆಳಗೆ ಸೇರ್ಪಡೆಗಳೂ ಬಂದುವು. ನೋಡುವ ಅಗತ್ಯ ಹೆಚ್ಚಿದ ಕಾಲದಲ್ಲೇ ನೋಡುವ ದಾರಿ ಮುಚ್ಚಿತು.

ದೋಣಿಯಲ್ಲಿ ಏನು ಸೇರುತ್ತದೆ

ತೆಂಗಿನ ಮರ ಎಲೆಯುದುರಿಸುವ ಋತುವನ್ನು ಕಾಯುವುದಿಲ್ಲ. ಎತ್ತರದ ಜಾತಿಯ ಆರೋಗ್ಯವಂತ ಮರ ವರ್ಷಕ್ಕೆ ಸುಮಾರು ಹನ್ನೆರಡು ಗರಿಗಳನ್ನು ಬಿಡುತ್ತದೆ. ಅಷ್ಟೇ ಸಂಖ್ಯೆಯ ಹಳೆಯ ಗರಿಗಳು ಕಳಚಿ ಬೀಳುತ್ತವೆ. ಎಂದರೆ ತಿಂಗಳಿಗೆ ಒಂದರಂತೆ. ದೊಡ್ಡ ಗರಿ ದೋಣಿಯಲ್ಲಿ ಕೂರದೆ ಹೆಂಚನ್ನು ಸರಿಸಿ ಕೆಳಗೆ ಬೀಳಬಹುದು. ದೋಣಿಯನ್ನು ಕಟ್ಟಿಹಾಕುವುದು ಸಣ್ಣ ಸಾಮಗ್ರಿ: ಒಂದೊಂದು ಹೊಂಬಾಳೆಯಿಂದಲೂ ಸಾವಿರಗಟ್ಟಲೆ ಉದುರುವ ಗಂಡುಹೂಗಳು, ಎಳೆಯ ಹರಳುಗಳು, ಗರಿಯ ಬುಡದ ಬಲೆಯಂಥ ನಾರು, ಇಲಿ ಅಳಿಲುಗಳು ಕಚ್ಚಿ ಬೀಳಿಸಿದ ತುಂಡುಗಳು. ನಾರು ಕೊಳವೆಯ ಬಾಯಲ್ಲಿ ಬಲೆಯಾಗುತ್ತದೆ. ಹೂವು ಆ ಬಲೆಯ ಮೇಲೆ ಹೆಪ್ಪಾಗುತ್ತದೆ. ಬೇಸಗೆಯ ದೂಳು ಅದರ ಮೇಲೆ ಮಣ್ಣಾಗಿ ಕೂರುತ್ತದೆ. ಹಕ್ಕಿಗಳು ಹಾಕಿದ ಬೀಜದಿಂದ ಆ ಮಣ್ಣಿನಲ್ಲಿ ಅರಳಿಯ ಸಸಿ ಮೊಳೆತು, ಬೇರನ್ನು ಗೋಡೆಯ ಸಂದಿಗೆ ಇಳಿಸುವುದುಂಟು.

ನೀರಿನ ಪ್ರಮಾಣವನ್ನೂ ಲೆಕ್ಕಮಾಡೋಣ. ತುಮಕೂರು ಜಿಲ್ಲೆಯ ಈ ಭಾಗದ ವಾರ್ಷಿಕ ಮಳೆ ೬೦೦ ರಿಂದ ೭೦೦ ಮಿಲಿಮೀಟರುಗಳ ಆಸುಪಾಸಿನದು. ಇದು ಮಲೆನಾಡಿನ ಮಳೆಯಲ್ಲ. ಆದುದರಿಂದಲೇ ದೋಣಿಯನ್ನು ಅಲಕ್ಷಿಸುವುದು ಸುಲಭ. ಆದರೆ ಇಲ್ಲಿನ ಮಳೆಯ ಬಹುಭಾಗ ಗುಡುಗು ಸಹಿತವಾದ ಬಿರುಸಿನ ಮಳೆ. ವರ್ಷದ ಮೊತ್ತ ಕಡಿಮೆಯಾದರೂ ಗಳಿಗೆಯ ರಭಸ ಕಡಿಮೆಯಲ್ಲ. ಛಾವಣಿಯ ಒಂದು ಮಗ್ಗುಲು ೧೦ ಮೀಟರು ಉದ್ದ, ನೆಲದ ಅಳತೆಯಲ್ಲಿ ೫ ಮೀಟರು ಅಗಲವಿದೆಯೆಂದು ಭಾವಿಸೋಣ. ವಿಸ್ತೀರ್ಣ ೫೦ ಚದರ ಮೀಟರು. ಒಂದು ಚದರ ಮೀಟರಿನ ಮೇಲೆ ಬಿದ್ದ ಒಂದು ಮಿಲಿಮೀಟರು ಮಳೆ ಒಂದು ಲೀಟರು ನೀರು. ಗಂಟೆಗೆ ೭೫ ಮಿಲಿಮೀಟರಿನ ರಭಸದಲ್ಲಿ ಮಳೆ ಸುರಿದರೆ ಆ ಮಗ್ಗುಲಿನಿಂದ ಗಂಟೆಗೆ ೩,೭೫೦ ಲೀಟರು, ಅಂದರೆ ನಿಮಿಷಕ್ಕೆ ಸುಮಾರು ೬೨ ಲೀಟರು ಇಳಿಯುತ್ತದೆ. ಹದಿನೈದು ಲೀಟರಿನ ಕೊಡದಲ್ಲಿ ಅಳೆದರೆ ನಿಮಿಷಕ್ಕೆ ನಾಲ್ಕು ಕೊಡ. ಈ ರಭಸಕ್ಕೆ ೧೦೦ ಮಿಲಿಮೀಟರು ವ್ಯಾಸದ ಇಳಿಕೊಳವೆಯೊಂದು ಸುಮಾರು ೫೭ ಚದರ ಮೀಟರು ಛಾವಣಿಗೆ ಸಾಕೆಂದು ರಾಷ್ಟ್ರೀಯ ಕಟ್ಟಡ ಸಂಹಿತೆಯ ಕೋಷ್ಟಕ ಹೇಳುತ್ತದೆ. ಬಾಯಿ ತೆರೆದಿರಬೇಕು ಎಂಬುದೇ ಇದರ ಒಳ ಷರತ್ತು.

ಬಾಯಿ ಮುಚ್ಚಿದರೆ ಆಗುವುದೇನು? ೧೫ ಸೆಂಟಿಮೀಟರು ಅಗಲ, ೧೦ ಸೆಂಟಿಮೀಟರು ಆಳ, ೧೦ ಮೀಟರು ಉದ್ದದ ಪೆಟ್ಟಿಗೆಯಾಕಾರದ ದೋಣಿ ತುಂಬಿದಾಗ ಅದರಲ್ಲಿ ೧೫೦ ಲೀಟರು ನೀರು ನಿಲ್ಲುತ್ತದೆ. ಭಾರ ೧೫೦ ಕಿಲೋಗ್ರಾಂ. ಹರಿಯುವ ನೀರಿಗೆಂದು ಹಾಕಿದ ಕೊಕ್ಕೆಗಳು ಈ ಭಾರಕ್ಕೆ ಬಾಗುತ್ತವೆ. ಬಾಗಿದ ಕಡೆ ಮತ್ತಷ್ಟು ನೀರು ನಿಲ್ಲುತ್ತದೆ. ದೋಣಿಯ ಹೊರ ಅಂಚು ಒಳ ಅಂಚಿಗಿಂತ ಒಂದೆರಡು ಸೆಂಟಿಮೀಟರು ತಗ್ಗಿದ್ದರೆ ಹೆಚ್ಚಿದ ನೀರು ಹೊರಕ್ಕೆ ಚೆಲ್ಲುತ್ತದೆ. ಒಳ ಅಂಚೇ ತಗ್ಗಾದರೆ ನೀರು ಗೋಡೆಯ ಮೇಲೆ ಕೂತ ತೊಲೆಗೂ, ಅಲ್ಲಿಂದ ಅಟ್ಟಕ್ಕೂ ಇಳಿಯುತ್ತದೆ. ಮಣ್ಣಿನ ಗೋಡೆ ನೆನೆದು ಬಲಗುಂದುತ್ತದೆ. ತೇವ ಹಿಡಿದ ಮರಕ್ಕೆ ಗೆದ್ದಲು ಬರುತ್ತದೆ. ಇಷ್ಟೇ ಅಲ್ಲದೆ, ಮಳೆ ನಿಂತ ಮೇಲೂ ದೋಣಿಯಲ್ಲಿ ಉಳಿದ ನೀರಿನಲ್ಲಿ ಡೆಂಗ್ಯೂ ಜ್ವರವನ್ನು ಹರಡುವ ಈಡಿಸ್ ಸೊಳ್ಳೆ ಮೊಟ್ಟೆಯಿಡಬಹುದು. ಮೊಟ್ಟೆ ಸೊಳ್ಳೆಯಾಗಲು ಬೆಚ್ಚಗಿನ ದಿನಗಳಲ್ಲಿ ಏಳರಿಂದ ಹತ್ತು ದಿವಸ ಸಾಕು. ನೆಲದ ಮೇಲಿನ ತೊಟ್ಟಿಗಳನ್ನು ವಾರಕ್ಕೊಮ್ಮೆ ಬರಿದುಮಾಡುವ ಎಚ್ಚರಿಕೆಯುಳ್ಳ ಮನೆಯವರಿಗೂ ತಲೆಯ ಮೇಲಿನ ಈ ತೊಟ್ಟಿ ಕಾಣುವುದಿಲ್ಲ.

ಏಣಿಯ ಲೆಕ್ಕ

ಏಣಿಯನ್ನು ಎಷ್ಟು ಓರೆಯಾಗಿ ನಿಲ್ಲಿಸಬೇಕು ಎಂಬುದಕ್ಕೆ ಸರ್ವಸಮ್ಮತವಾದ ಒಂದು ನಿಯಮವಿದೆ: ಎತ್ತರ ನಾಲ್ಕು ಪಾಲಾದರೆ ಗೋಡೆಯಿಂದ ಏಣಿಯ ಬುಡಕ್ಕೆ ಒಂದು ಪಾಲು. ಆಗ ಏಣಿ ನೆಲದೊಡನೆ ಸುಮಾರು ೭೫ ಡಿಗ್ರಿಗಳ ಕೋನವನ್ನು ಮಾಡುತ್ತದೆ. ಕೋನ ಕಡಿಮೆಯಾದಷ್ಟೂ ಬುಡ ಜಾರುವ ಅಪಾಯವೂ ಏಣಿ ನಡುವೆ ಬಾಗುವ ಅಪಾಯವೂ ಹೆಚ್ಚುತ್ತವೆ. ದೋಣಿ ನೆಲದಿಂದ ೬ ಮೀಟರು ಎತ್ತರದಲ್ಲಿದ್ದರೆ ಏಣಿಯ ಬುಡ ಗೋಡೆಯಿಂದ ಒಂದೂವರೆ ಮೀಟರು ದೂರದಲ್ಲಿರಬೇಕು.

ಈಗ ಅದೇ ಗೋಡೆಗೆ ಒತ್ತಿ ೩.೫ ಮೀಟರು ಅಗಲದ, ೩ ಮೀಟರು ಎತ್ತರದ ಸೇರ್ಪಡೆಯೊಂದನ್ನು ಕಟ್ಟಿದರೆಂದು ಭಾವಿಸೋಣ. ಏಣಿಯು ಸೇರ್ಪಡೆಯ ಹೊರ ಅಂಚನ್ನು ದಾಟಿ ದೋಣಿಯನ್ನು ಮುಟ್ಟಬೇಕು. ಸಮರೂಪ ತ್ರಿಕೋನಗಳಿಂದ ಬುಡದ ದೂರವನ್ನು ಕಂಡುಹಿಡಿಯಬಹುದು: ಸೇರ್ಪಡೆಯ ಅಗಲವನ್ನು ದೋಣಿಯ ಎತ್ತರದಿಂದ ಗುಣಿಸಿ, ದೋಣಿಯ ಮತ್ತು ಸೇರ್ಪಡೆಯ ಎತ್ತರಗಳ ವ್ಯತ್ಯಾಸದಿಂದ ಭಾಗಿಸಬೇಕು. ೩.೫ನ್ನು ೬ರಿಂದ ಗುಣಿಸಿ ೩ರಿಂದ ಭಾಗಿಸಿದರೆ ೭ ಮೀಟರು. ಏಣಿಯ ಉದ್ದ ೯ ಮೀಟರಿಗೂ ಹೆಚ್ಚು. ಕೋನ ಸುಮಾರು ೪೧ ಡಿಗ್ರಿ. ಇದು ಏರುವ ಏಣಿಯಲ್ಲ, ಜಾರುವ ಬಂಡಿ.

ನಾಲ್ಕಕ್ಕೊಂದರ ನಿಯಮವನ್ನು ಮೀರದಂತೆ ಏಣಿ ಹಾಕಲು ಸೇರ್ಪಡೆ ಎಷ್ಟು ಅಗಲವಿರಬಹುದು? ಎರಡು ಎತ್ತರಗಳ ವ್ಯತ್ಯಾಸದ ನಾಲ್ಕನೆಯ ಒಂದು ಪಾಲು ಮಾತ್ರ. ನಮ್ಮ ಉದಾಹರಣೆಯಲ್ಲಿ ಮುಕ್ಕಾಲು ಮೀಟರು. ಕಿಟಕಿಯ ಮೇಲಿನ ಸಜ್ಜಾ ಈ ಮಿತಿಯೊಳಗೆ ಬರುತ್ತದೆ. ಯಾವ ಕೋಣೆಯೂ ಬರುವುದಿಲ್ಲ. ಇದರಿಂದ ತಿಳಿಯುವುದೇನೆಂದರೆ, ಮನುಷ್ಯರು ಬಳಸಲು ಕಟ್ಟಿದ ಯಾವುದೇ ಸೇರ್ಪಡೆ, ಅದು ಎಷ್ಟೇ ಚಿಕ್ಕದಾಗಿರಲಿ, ನೆಲದ ಮೇಲಿನಿಂದ ದೋಣಿಗೆ ಹೋಗುವ ದಾರಿಯನ್ನು ಪೂರ್ಣವಾಗಿ ಮುಚ್ಚುತ್ತದೆ. ಇನ್ನೂ ಉದ್ದದ ಏಣಿಯನ್ನು ಕೊಳ್ಳುವುದು ಪರಿಹಾರವಲ್ಲ. ಬೊಂಬಿಗೆ ಕೊಕ್ಕೆ ಕಟ್ಟಿದ ದೋಟಿಯಿಂದ ನೆಲದಲ್ಲೇ ನಿಂತು ಕೀಳೋಣವೆಂದರೆ ಅದೂ ಇಷ್ಟೇ ಉದ್ದವಾಗಬೇಕು. ಒಂಬತ್ತು ಮೀಟರಿನ ಗಳುವಿನ ತುದಿ ಹಿಡಿದವನ ಮಾತನ್ನು ಕೇಳುವುದಿಲ್ಲ. ತಂತಿಯ ಸಮೀಪದಲ್ಲಿ ಹಸಿ ಬೊಂಬೂ ಲೋಹದ ಗಳುವೂ ಪ್ರಾಣಾಂತಿಕವೆಂಬುದನ್ನು ತೆಂಗಿನಕಾಯಿ ಕೀಳುವವರು ಚೆನ್ನಾಗಿ ಬಲ್ಲರು.

ಸೇರ್ಪಡೆಯ ಮೇಲೆ ನಿಲ್ಲುವ ಪ್ರಶ್ನೆ

ಹಾಗಾದರೆ ಉಳಿದ ದಾರಿ ಸೇರ್ಪಡೆಯ ಛಾವಣಿಯ ಮೇಲಿನದು. ಇಲ್ಲಿ ಛಾವಣಿ ಯಾವುದು ಎಂಬುದೇ ಮುಖ್ಯ.

ಸೇರ್ಪಡೆಗೆ ಆರ್.ಸಿ.ಸಿ. ತಾರಸಿ ಇದ್ದರೆ ಲೆಕ್ಕ ಪೂರ್ತಿಯಾಗಿ ನಮ್ಮ ಕಡೆಗೆ ತಿರುಗುತ್ತದೆ. ತಾರಸಿಯಿಂದ ದೋಣಿಗೆ ಉಳಿದ ಎತ್ತರ ೩ ಮೀಟರು; ಏಣಿಯ ಬುಡ ಗೋಡೆಯಿಂದ ಮುಕ್ಕಾಲು ಮೀಟರು ದೂರ. ೬ ಮೀಟರಿನ ಏರು ೩ ಮೀಟರಿಗೆ ಇಳಿಯಿತು. ತಾರಸಿಗೆ ಹೋಗಲು ಮಹಡಿಯ ಕಿಟಕಿಯೊಂದನ್ನು ಬಾಗಿಲಾಗಿ ಮಾರ್ಪಡಿಸಿ, ತಾರಸಿಯ ಅಂಚಿಗೆ ಪ್ಯಾರಪೆಟ್ಟು ಕಟ್ಟಿ, ಏಣಿಯ ಬುಡ ಜಾರದಂತೆ ಒಂದು ಅಡ್ಡಪಟ್ಟಿಯನ್ನೂ, ತಲೆಯನ್ನು ಬಿಗಿಯಲು ಗೋಡೆಯಲ್ಲಿ ಒಂದು ಕೊಂಡಿಯನ್ನೂ ಕೂರಿಸಿದರೆ ಸೇರ್ಪಡೆಯೇ ದೋಣಿಯ ಕಾವಲುಗಾರನಾಗುತ್ತದೆ. ಏಣಿಯನ್ನು ಗೋಡೆಗೆ ಒರಗಿಸಬೇಕೇ ಹೊರತು ದೋಣಿಗೆ ಒರಗಿಸಬಾರದು.

ಸೇರ್ಪಡೆಗೆ ಹೆಂಚು ಹೊದಿಸಿದ್ದರೆ ಮೇಲೆ ನಡೆಯುವುದು ಪಳಗಿದವರ ಕೆಲಸ. ರೀಪರು ಪಟ್ಟಿ ಎಲ್ಲಿದೆಯೆಂದು ಬಲ್ಲವನು ಹಲಗೆ ಹಾಕಿಕೊಂಡು ಹೋಗಬಲ್ಲ. ಆದರೂ ಹೋದ ಪ್ರತಿಸಲವೂ ಕೆಲವು ಹೆಂಚು ಬಿರಿಯುವುದುಂಟು.

ಸಿಮೆಂಟ್ ಶೀಟು, ಎಂದರೆ ಕಲ್ನಾರಿನ ಶೀಟು ಹಾಕಿದ್ದರೆ ಅದರ ಮೇಲೆ ಕಾಲಿಡಲೇಬಾರದು. ಈ ಶೀಟು ಮಳೆಯನ್ನು ತಡೆಯುತ್ತದೆ. ಮನುಷ್ಯನ ಭಾರವನ್ನು ಹೊರುವುದಿಲ್ಲ. ಬಿಸಿಲು ಮಳೆಗಳಿಗೆ ಹಳತಾದಂತೆ ಇನ್ನೂ ಪೆಡಸಾಗಿ, ಪಾಚಿ ಕಟ್ಟಿ, ಕೆಳಗಿನ ಅಡ್ಡತೊಲೆಗಳ ಸಾಲನ್ನು ಮರೆಮಾಡುತ್ತದೆ. ಬೋಲ್ಟಿನ ಸಾಲಿನ ಮೇಲೆಯೇ ಹೆಜ್ಜೆಯಿಟ್ಟು ಹೋಗುವೆನೆಂಬ ಧೈರ್ಯ ಒಂದು ಜಾರಿಕೆಗೆ ಮುಗಿಯುತ್ತದೆ. ಶೀಟು ಬಾಗಿ ಎಚ್ಚರಿಕೆ ಕೊಡುವುದಿಲ್ಲ, ಒಮ್ಮೆಲೇ ಒಡೆಯುತ್ತದೆ. ಒಡೆದಾಗ ಏಳುವ ದೂಳಿನಲ್ಲಿರುವ ಕಲ್ನಾರಿನ ಎಳೆ ಶ್ವಾಸಕೋಶಕ್ಕೆ ಹಾನಿಕರ. ದೋಣಿ ಬಿಡಿಸಲೆಂದು ಕರೆತರುವವನು ಅನೇಕ ವೇಳೆ ಆ ಮನೆಯನ್ನು ಅರಿಯದ ದಿನಗೂಲಿಯ ಆಳು. ಶೀಟಿನ ಸ್ಥಿತಿಯನ್ನು ಬಲ್ಲ ಮನೆಯ ಯಜಮಾನ ಕೆಳಗೆ ನಿಂತು, ಅದನ್ನು ಅರಿಯದವನನ್ನು ಮೇಲೆ ಕಳುಹಿಸುವುದು ನ್ಯಾಯವಲ್ಲ. ಅನಿವಾರ್ಯವಾದಲ್ಲಿ ಕನಿಷ್ಠ ಎರಡು ಅಡ್ಡತೊಲೆಗಳ ಮೇಲೆ ಕೂರುವ, ಜಾರದಂತೆ ಕಟ್ಟಿದ ಅಗಲವಾದ ಹಲಗೆಗಳ ಮೇಲೆ, ಸೊಂಟಕ್ಕೆ ಹಗ್ಗ ಬಿಗಿದು, ಪಳಗಿದವರೇ ಈ ಕೆಲಸವನ್ನು ಮಾಡತಕ್ಕದ್ದು.

ಈಗಾಗಲೇ ಕಟ್ಟಿರುವ ಮನೆಗಳಿಗೆ

ಮೇಲಿನ ವಿವೇಚನೆಯಿಂದ ನಾವು ತಲಪುವ ತೀರ್ಮಾನ ಇದು: ಕೈಗೆ ಎಟುಕದ ದೋಣಿಗಿಂತ ದೋಣಿಯಿಲ್ಲದ ಸೂರು ಮೇಲು. ದೋಣಿಯಿಲ್ಲದ ಸೂರಿನ ನೀರು ಹೊರಗೆ ಬೀಳುತ್ತದೆ. ಕಟ್ಟಿಕೊಂಡ ದೋಣಿಯ ನೀರು ಒಳಗೆ ಬೀಳುತ್ತದೆ. ಆದುದರಿಂದ ಪರಿಹಾರಗಳನ್ನು ಈ ಕ್ರಮದಲ್ಲಿ ಯೋಚಿಸುವುದು ಉಚಿತ.

ಮೊದಲನೆಯದು, ಮಹಡಿಯ ದೋಣಿ ನಿಜವಾಗಿ ಬೇಕೇ ಎಂದು ಕೇಳಿಕೊಳ್ಳುವುದು. ಕೆಳಗೆ ಗಟ್ಟಿಯಾದ ಛಾವಣಿಯಿದ್ದು, ಮೇಲಿನ ಸೂರು ಗೋಡೆಯಿಂದ ಸಾಕಷ್ಟು ಚಾಚಿಕೊಂಡಿದ್ದರೆ ದೋಣಿಯನ್ನು ತೆಗೆದು, ನೀರನ್ನು ನೇರವಾಗಿ ಸೇರ್ಪಡೆಯ ಛಾವಣಿಯ ಮೇಲೆ ಬಿಡಬಹುದು. ಆದರೆ ತೆಗೆದ ದೋಣಿಯೊಡನೆ ನೀರೂ ಮಾಯವಾಗುವುದಿಲ್ಲ ಎಂಬುದು ನೆನಪಿರಲಿ. ನೀರು ಬೀಳುವ ಸಾಲಿನಲ್ಲಿ ಏಟನ್ನು ತಡೆಯಲು ಕಲ್ಲು ಚಪ್ಪಡಿಯನ್ನೋ ಕಾಂಕ್ರೀಟಿನ ಪಟ್ಟಿಯನ್ನೋ ಹಾಸಬೇಕು. ಸೇರ್ಪಡೆಯ ಛಾವಣಿ ಹಳೆಯ ಗೋಡೆಯನ್ನು ಕೂಡುವ ಸಂದಿಯನ್ನು, ಗೋಡೆಯೊಳಕ್ಕೆ ಕೂರಿಸಿದ ತಗಡಿನಿಂದ ಮುಚ್ಚಬೇಕು. ಹಾರಿದ ನೀರು ಮೊದಲು ಹುಡುಕುವುದು ಈ ಸಂದಿಯನ್ನೇ. ಕೆಳಗಿನ ದೋಣಿಗೆ ಈಗ ಎರಡು ಛಾವಣಿಗಳ ಹೊರೆ ಬೀಳುತ್ತದೆ: ಮೇಲಿನ ೫೦ ಮತ್ತು ಕೆಳಗಿನ ೩೫ ಸೇರಿ ೮೫ ಚದರ ಮೀಟರು. ಮೇಲೆ ಹೇಳಿದ ಪ್ರಮಾಣದಂತೆ ೧೦೦ ಮಿಲಿಮೀಟರಿನ ಒಂದು ಇಳಿಕೊಳವೆ ಇದಕ್ಕೆ ಸಾಲದು, ಎರಡು ಬೇಕು. ಹೀಗೆ ಮಾಡಿದರೆ ಕಾಪಾಡಬೇಕಾದ ದೋಣಿ ೬ ಮೀಟರಿನಿಂದ ೩ ಮೀಟರಿಗೆ ಇಳಿಯುತ್ತದೆ, ಅಂಗಳದಿಂದ ಸಣ್ಣ ಏಣಿಗೆ ಸಿಕ್ಕುತ್ತದೆ. ಸೇರ್ಪಡೆಗೆ ಶೀಟು ಹಾಕಿದ್ದಲ್ಲಿ ಮಾತ್ರ ಈ ಉಪಾಯ ಹೊಂದುವುದಿಲ್ಲ.

ಎರಡನೆಯದು, ದೋಣಿ ಬೇಕೇ ಬೇಕಾದಲ್ಲಿ ಅದರ ಬಾಯನ್ನು ಸ್ಥಳಾಂತರಿಸುವುದು. ದೋಣಿ ಕಟ್ಟಿಕೊಳ್ಳುವುದು ಬಹುಮಟ್ಟಿಗೆ ಇಳಿಕೊಳವೆಯ ಬಾಯಿಯಲ್ಲಿ. ಆ ಬಾಯಿ ಸೇರ್ಪಡೆಯ ಮೇಲೆಯೇ ಇದ್ದರೆ, ದೋಣಿಯ ಓಟವನ್ನು ತಿರುಗಿಸಿ, ಸೇರ್ಪಡೆಯಿಲ್ಲದ ಮಗ್ಗುಲಿನ ತುದಿಗೆ ಬಾಯಿ ಬರುವಂತೆ ಮಾಡಬಹುದು. ಹತ್ತು ಮೀಟರು ಉದ್ದಕ್ಕೆ ಐದರಿಂದ ಎಂಟು ಸೆಂಟಿಮೀಟರು ಇಳಿಜಾರು ಸಾಕು. ಮೇಲಿನ ತುದಿ ಮಹಡಿಯ ಕಿಟಕಿಗೆ ಸಮೀಪವಿದ್ದರೆ, ಒಳಗೇ ನಿಂತು ಕೊಳಾಯಿಯ ರಬ್ಬರು ನಳಿಗೆಯಿಂದ ನೀರು ಬಿಟ್ಟು ತೊಳೆಯುವುದೂ ಸಾಧ್ಯ. ಪಿ.ವಿ.ಸಿ. ದೋಣಿಯಾದರೆ ಅದು ಬಿಸಿಲಿಗೆ ಹಿಗ್ಗುವುದನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕು: ಹತ್ತು ಮೀಟರಿನ ದೋಣಿ ಮೂವತ್ತು ಡಿಗ್ರಿ ಸೆಲ್ಸಿಯಸ್ ಏರಿಕೆಗೆ ಸುಮಾರು ಎರಡು ಸೆಂಟಿಮೀಟರು ಉದ್ದವಾಗುತ್ತದೆ. ತುದಿಗಳನ್ನು ಬಿಗಿದರೆ ದೋಣಿ ನಡುವೆ ಡೊಂಕಾಗಿ ನೀರು ನಿಲ್ಲುತ್ತದೆ.

ಮೂರನೆಯದು, ತಾರಸಿಯ ಸೇರ್ಪಡೆಯಿರುವಲ್ಲಿ ಮೇಲೆ ವಿವರಿಸಿದ ಶಾಶ್ವತ ದಾರಿಯನ್ನು ಮಾಡುವುದು. ತಾರಸಿಯ ಮೇಲೆ ನಿಂತವನಿಗೆ ನಮ್ಮ ದೋಟಿಯೂ ಉಪಯೋಗಕ್ಕೆ ಬರುತ್ತದೆ. ಕುಡುಗೋಲಿನ ಸ್ಥಾನದಲ್ಲಿ ದೋಣಿಯ ಆಕಾರಕ್ಕೆ ಕತ್ತರಿಸಿದ ಮರದ ಹಲ್ಲೆಯೊಂದನ್ನು ಕಟ್ಟಿದರೆ ಕಸವನ್ನು ಎಳೆದು ತೆಗೆಯಬಹುದು. ಈಗಿನ ಕಾಲದಲ್ಲಿ ದೋಟಿಯ ತುದಿಗೆ ಮೊಬೈಲ್ ಫೋನನ್ನು ಭದ್ರವಾಗಿ ಕಟ್ಟಿ ಒಳಗಿನ ಚಿತ್ರ ತೆಗೆದು ನೋಡುವುದೂ ಸುಲಭ. ಹತ್ತಬೇಕೇ ಬೇಡವೇ ಎಂಬುದನ್ನು ನೋಡಿದ ಮೇಲೆ ನಿರ್ಧರಿಸಬಹುದು.

ದೋಣಿಯ ಮೇಲೆ ಹಾಸುವ ಜಾಲರಿಯನ್ನು ಕುರಿತು ಒಂದು ಮಾತು. ಅಗಲವಾದ ಎಲೆಗಳಿಗೆ ಅದು ತಡೆಯಾದೀತು. ತೆಂಗಿನ ಗಂಡುಹೂವು ದೊಡ್ಡ ಕಣ್ಣಿನ ಜಾಲರಿಯಲ್ಲಿ ನುಸುಳುತ್ತದೆ. ಸಣ್ಣ ಕಣ್ಣಿನ ಜಾಲರಿಯ ಮೇಲೆ ನಾರಿನೊಡನೆ ಚಾಪೆಯಾಗಿ ಕೂರುತ್ತದೆ. ಆಗ ನೀರು ದೋಣಿಗೆ ಇಳಿಯದೆ ಮೇಲೆಯೇ ಹಾರಿಹೋಗುತ್ತದೆ. ಜಾಲರಿ ಕೆಲಸವನ್ನು ಕಡಿಮೆ ಮಾಡೀತು, ಇಲ್ಲವಾಗಿಸದು. ಎಟುಕದ ದೋಣಿಗೆ ಜಾಲರಿ ಹಾಕಿ ನಿಶ್ಚಿಂತರಾಗುವುದು ಕಣ್ಣು ಮುಚ್ಚಿಕೊಂಡಂತೆ. ಕೊಳವೆಯ ಬಾಯಿಗೆ ಮಾತ್ರ ತಂತಿಯ ಬುಟ್ಟಿಯೊಂದನ್ನು ಕೂರಿಸುವುದು ಒಳ್ಳೆಯದು.

ಕಟ್ಟುವ ಮುನ್ನ ಮತ್ತು ಪಾಲಾಗುವ ಮುನ್ನ

ಸೇರ್ಪಡೆಯನ್ನು ಇನ್ನು ಮುಂದೆ ಕಟ್ಟುವವರಿಗೆ ಹೇಳತಕ್ಕದ್ದು ಸ್ವಲ್ಪವೇ. ನಕ್ಷೆಯಲ್ಲಿ ಕೋಣೆಯನ್ನು ಗುರುತಿಸುವ ಮೊದಲು ಏಣಿಯನ್ನು ಗುರುತಿಸಬೇಕು. ಮಹಡಿಯ ಪ್ರತಿಯೊಂದು ದೋಣಿಗೂ ಮನುಷ್ಯನು ಎಲ್ಲಿ ನಿಂತು ಕೈಹಾಕುತ್ತಾನೆಂದು ಗೆರೆ ಎಳೆದು ತೋರಿಸಬೇಕು. ಆ ಗೆರೆ ಎಳೆಯಲಾಗದಿದ್ದರೆ ನಕ್ಷೆಯನ್ನು ತಿದ್ದಬೇಕು: ಸೇರ್ಪಡೆಗೆ ತಾರಸಿ ಹಾಕಬೇಕು, ಅಥವಾ ದೋಣಿಯ ಬಾಯಿಯ ಕೆಳಗೆ ಒಂದು ಸಂದನ್ನು ಬಿಡಬೇಕು. ಕಟ್ಟುವಾಗ ಗೋಡೆಯಲ್ಲಿ ಕೊಂಡಿಯೊಂದನ್ನು ಹುಗಿಯಲು ಆಗುವ ವೆಚ್ಚ ಅತ್ಯಲ್ಪ. ಹತ್ತು ವರ್ಷಗಳ ತರುವಾಯ ಅದಿಲ್ಲದುದರಿಂದ ಆಗುವ ನಷ್ಟ ಅಲ್ಪವಲ್ಲ.

ಇದರೊಡನೆ ಇನ್ನೊಂದು ವಿಷಯವಿದೆ. ಅದು ವಾಸ್ತುಶಾಸ್ತ್ರಕ್ಕಿಂತ ಕುಟುಂಬಕ್ಕೆ ಸೇರಿದ್ದು. ಕೂಡುಕುಟುಂಬದ ಮನೆ ಪಾಲಾದಾಗ ಅನೇಕ ವೇಳೆ ಹಳೆಯ ಮನೆ ಅಣ್ಣನಿಗೂ ಹಿಂದಿನ ಸೇರ್ಪಡೆ ತಮ್ಮನಿಗೂ ಹೋಗುತ್ತದೆ. ಅಲ್ಲಿಂದ ಮುಂದೆ ಅಣ್ಣನ ದೋಣಿಗೆ ದಾರಿ ತಮ್ಮನ ಛಾವಣಿಯ ಮೇಲೆ. ಮಾತು ಇರುವವರೆಗೆ ತೊಂದರೆಯಿಲ್ಲ. ಮಾತು ಮುರಿದ ವರ್ಷವೇ ದೋಣಿ ಕಟ್ಟಿಕೊಳ್ಳುತ್ತದೆ. ಮೇಲಿನಿಂದ ಚೆಲ್ಲಿದ ನೀರು ತಮ್ಮನ ಗೋಡೆಯನ್ನು ನೆನೆಸುತ್ತದೆ, ಹತ್ತಗೊಡದ ಹಟದಿಂದ ಅಣ್ಣನ ಅಟ್ಟದ ಕಾಯಿ ಬೂಷ್ಟು ಹಿಡಿಯುತ್ತದೆ; ನಷ್ಟ ಇಬ್ಬರದೂ. ಪಾಲುಪಟ್ಟಿಯಲ್ಲಿ ಬಾವಿಯ ನೀರು, ತೋಟದ ದಾರಿ, ಕಣಗಳನ್ನು ಕುರಿತು ಬರೆಯುವ ಹಿರಿಯರು ಇನ್ನೊಂದು ಸಾಲನ್ನೂ ಸೇರಿಸುವುದು ಯುಕ್ತ: ಮೇಲಿನ ದೋಣಿಯನ್ನು ಶುಚಿಮಾಡಲು ವರ್ಷಕ್ಕೆ ಇಷ್ಟು ಸಲ ಇಂಥ ಕಡೆ ಏಣಿ ಹಾಕಲು ಹಕ್ಕು ಉಂಟು, ಒಡೆದ ಹೆಂಚಿಗೆ ಹಾಕಿದವನೇ ಹೊಣೆ.

ಯಾವಾಗ ಶುಚಿಮಾಡಬೇಕು

ಈ ಸೀಮೆಯ ಒಕ್ಕಲಿಗರು ಮಳೆಯನ್ನು ನಕ್ಷತ್ರಗಳಿಂದ ಎಣಿಸುತ್ತಾರೆ. ದೋಣಿಯ ಕಾಲಪಟ್ಟಿಯನ್ನೂ ಹಾಗೆಯೇ ನೆನಪಿಡಬಹುದು. ಏಪ್ರಿಲ್ ಕೊನೆಗೆ ಭರಣಿ ಹುಟ್ಟುವ ಮೊದಲು ಒಂದು ಸಲ: ಬೇಸಗೆಯ ಒಣಕಸವೆಲ್ಲ ದೋಣಿಯಲ್ಲಿ ಕೂಡಿರುವ ಕಾಲ, ಗಾಳಿಗುಡುಗಿನ ಮಳೆ ಸಮೀಪಿಸಿರುವ ಕಾಲ. ಸೆಪ್ಟೆಂಬರ್ ನಡುವೆ ಉತ್ತರೆ ಮಳೆಗೆ ಮುಂಚೆ ಎರಡನೆಯ ಸಲ: ಉತ್ತರೆ, ಹಸ್ತ, ಚಿತ್ತೆಗಳಲ್ಲಿ ಇಲ್ಲಿ ಒಳ್ಳೆಯ ಮಳೆ ಬೀಳುತ್ತದೆ. ಸ್ವಾತಿ ಕಳೆದ ಮೇಲೆ, ನವೆಂಬರಿನಲ್ಲಿ ಮೂರನೆಯ ಸ್ವಲ್ಪ ಕೆಲಸ: ನೀರು ನಿಲ್ಲದಂತೆ ನೋಡುವುದು, ಬಾಗಿದ ಕೊಕ್ಕೆಗಳನ್ನು ಗುರುತಿಸುವುದು, ಅರಳಿ ಸಸಿಗಳನ್ನು ಬೇರುಸಹಿತ ಕೀಳುವುದು. ಒದ್ದೆ ಹೆಂಚಿನ ಮೇಲೆ, ಗಾಳಿ ಬೀಸುವಾಗ, ಏಣಿ ಹಿಡಿಯಲು ಇನ್ನೊಬ್ಬರಿಲ್ಲದೆ ಯಾರೂ ಹತ್ತತಕ್ಕದ್ದಲ್ಲ. ಮಳೆ ಸುರಿಯುತ್ತಿರುವಾಗ ಸೋರಿಕೆಯನ್ನು ಕಂಡು ಗಾಬರಿಯಿಂದ ಮೇಲೆ ಹತ್ತುವುದು ಎಲ್ಲಕ್ಕಿಂತ ಅಪಾಯಕರ. ಆ ಗಳಿಗೆಯಲ್ಲಿ ಮಾಡತಕ್ಕದ್ದು ಕಾಯಿಯನ್ನು ಒಣಗಿದ ಮೂಲೆಗೆ ಸರಿಸುವುದು ಮಾತ್ರ. ದೋಣಿಯ ಕೆಲಸ ಬಿಸಿಲು ಬಂದ ಮೇಲೆ.

ದೋಣಿಯನ್ನು ಕೆಳಕ್ಕೆ ತಂದುದರ ಫಲವಾಗಿ ಇನ್ನೊಂದು ಲಾಭವೂ ಉಂಟು. ನೂರು ಚದರ ಮೀಟರಿನ ಹೆಂಚಿನ ಛಾವಣಿಯ ಮೇಲೆ ವರ್ಷಕ್ಕೆ ೬೫೦ ಮಿಲಿಮೀಟರು ಮಳೆ ಬಿದ್ದು, ಅದರಲ್ಲಿ ನೂರಕ್ಕೆ ಎಂಬತ್ತು ಪಾಲು ಕೈಗೆ ಬಂದರೂ ೫೨,೦೦೦ ಲೀಟರು ನೀರಾಗುತ್ತದೆ. ಕೊಳವೆಬಾವಿಗಳನ್ನು ಆಳಕ್ಕೆ ಕೊರೆಯುತ್ತಿರುವ ಈ ನಾಡಿನಲ್ಲಿ ಇದು ಕಡೆಗಣಿಸುವ ಮೊತ್ತವಲ್ಲ. ಮಳೆನೀರನ್ನು ಹಿಡಿಯುವವರಿಗೆ ಶುಚಿಯಾದ ದೋಣಿ ಮೊದಲ ಅವಶ್ಯಕತೆ; ಶುಚಿಯಾಗಿರಬೇಕಾದರೆ ಅದು ಎಟುಕಬೇಕು.

ವಿದ್ಯಾರ್ಥಿಗಳು ರಜೆಯಲ್ಲಿ ಊರಿಗೆ ಹೋದಾಗ ತಮ್ಮ ಮನೆಯ ದೋಣಿಯ ಎತ್ತರ, ಸೇರ್ಪಡೆಯ ಅಗಲ ಮತ್ತು ಎತ್ತರ, ಈ ಮೂರನ್ನು ಅಳೆದು ಮೇಲಿನ ಲೆಕ್ಕವನ್ನು ತಾವೇ ಮಾಡಿನೋಡಬೇಕೆಂದು ನಾವು ಸೂಚಿಸುತ್ತೇವೆ. ಅಧ್ಯಾಪಕರಿಗೆ ಸಮರೂಪ ತ್ರಿಕೋನಗಳ ಪಾಠಕ್ಕೆ ಇದಕ್ಕಿಂತ ಹತ್ತಿರದ ಉದಾಹರಣೆ ದೊರೆಯಲಾರದು. ಬರುವ ಉತ್ತರ ಮನೆಮನೆಗೂ ಬೇರೆಯಾಗಬಹುದು. ಏಣಿಯ ಬುಡಕ್ಕೆ ಸ್ಥಳವಿಲ್ಲವೆಂದು ಲೆಕ್ಕ ತೋರಿಸಿದಲ್ಲಿ, ಮುಂದಿನ ಭರಣಿಗೆ ಮೊದಲೇ ಮನೆಯ ಹಿರಿಯರೊಡನೆ ಆ ಮಾತನ್ನು ಎತ್ತುವುದು ಅವರ ಕರ್ತವ್ಯ.